ಆರತಿಯ ಹೊತ್ತಿಗೆ ಬಂದ್ ಮಾಡಿದ ಬಝರ್

ತೊಂಬತ್ತರ ದಶಕದ ಮೊದಲ ವರ್ಷಗಳು. ಬಾಂದ್ರಾದ ಒಂದು ಆಫೀಸಿನ ಮಶೀನ್ ರೂಮಿನಲ್ಲಿ ನನ್ನ ಮೊದಲ ನೌಕರಿ. ಧಾರವಾಡದಿಂದ ಬಂದು ಜೋಗೇಶ್ವರಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ರೂಮಿನ ಮೂಲೆಯಲ್ಲಿ ರೂಟರ್ ಎಂಬ ಪೆಟ್ಟಿಗೆ ಇತ್ತು. ಊರೂರಿನ ಬ್ರ್ಯಾಂಚುಗಳ ಕಂಪ್ಯೂಟರುಗಳಿಗೂ ನಮ್ಮ ಕಂಪ್ಯೂಟರಿಗೂ ಸಂಪರ್ಕ ಅದರ ಮೂಲಕವೇ. ಅದರ ಫ್ಯಾನು ನಿಂತರೆ, ಒಳಗೆ ಬಿಸಿ ಹೆಚ್ಚಾದರೆ, ಗೋಡೆಯ ಮೇಲಿನ ಬಝರ್ ತಾನಾಗಿಯೇ ಕೂಗುತ್ತಿತ್ತು. ಪಕ್ಕದ ಸ್ವಿಚ್ಚಿನಿಂದ ಅದನ್ನು ಬಂದ್ ಮಾಡಬಹುದಿತ್ತು. ಮಾಡಿದವರು ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು, ಆಮೇಲೆ ನೆನಪಿಟ್ಟು ಚಾಲೂ ಮಾಡಬೇಕು.

ಆ ಬಝರಿನ ಮೇಲೆ ನನಗೆ ವಿಪರೀತ ಸಿಟ್ಟು. ಏಸಿ ಐದು ನಿಮಿಷ ನಿಂತರೂ ಸಾಕು, ತಲೆ ಚಿಟ್ಟು ಹಿಡಿಯುವಂತೆ ಅರಚುತ್ತಿತ್ತು. ನನ್ನ ಸೀನಿಯರ್ ಮಾತ್ರ ಪ್ರತಿ ಸಲವೂ ಎದ್ದುಹೋಗಿ, ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದು, ಗಾಳಿ ಬರುತ್ತಿದೆಯೋ ಇಲ್ಲವೋ ನೋಡಿಯೇ ಬಂದು ಕೂರುತ್ತಿದ್ದರು. ಮೈಸೂರಿನ ಕಡೆಯವರು, ನಲವತ್ತು ದಾಟಿದವರು, ಆರು ವರ್ಷದಿಂದ ಟೆಂಪರರಿ. ವಿಲೆ ಪಾರ್ಲೆಯ ಒಂದು ಬಾಡಿಗೆ ಖೋಲಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆ ದೀಪಾವಳಿಗೆ ಪರ್ಮನೆಂಟ್ ಮಾಡುತ್ತೇವೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಆರ್ಡರ್ ಕೈಗೆ ಬಂದ ದಿನ ನಿಮ್ಮಕ್ಕನ ಮನೆಗೂ ಚಿರೋಟಿ ಕಳಿಸುತ್ತೇನೆ ಎಂದು ನನಗೆ ಎಷ್ಟು ಸಲ ಹೇಳಿದ್ದರೋ.

ಖಂಡೇನವಮಿಯ ದಿನ ಆಫೀಸಿನಲ್ಲಿ ಆಯುಧಪೂಜೆ. ಮಧ್ಯಾಹ್ನದವರೆಗೆ ಕೆಲಸ, ಮರುದಿನ ದಸರೆಯ ರಜೆ. ಸೀನಿಯರ್ ದಾದರಿನಿಂದ ಚೆಂಡುಹೂವಿನ ಹಾರಗಳನ್ನು ತಂದು ಒಂದೊಂದು ಯಂತ್ರಕ್ಕೂ ತಾವೇ ಹಾಕಿದರು. ರೂಟರಿನದು ಸಣ್ಣ ಪೆಟ್ಟಿಗೆ, ಉದ್ದ ಹಾರ. ಹಾರದ ತುದಿ ಹಿಂದೆ ಫ್ಯಾನಿನ ಜಾಲರಿಯ ಮೇಲೆ ಇಳಿಬಿದ್ದದ್ದನ್ನು ಯಾರೂ ನೋಡಲಿಲ್ಲ. ಆರತಿಯ ದೀಪ ಆರಬಾರದೆಂದು ಏಸಿ ನಿಲ್ಲಿಸಿದೆವು. ಎಲ್ಲರೂ ಕೈಮುಗಿದು ನಿಂತಿದ್ದಾಗ ಬಝರ್ ಶುರುವಾಯಿತು. ಇದರ ಮನೆ ಹಾಳಾಗ, ದೇವರ ಮುಂದೆಯಾದರೂ ಬಾಯಿ ಮುಚ್ಚಬಾರದೆ ಎಂದುಕೊಂಡು ನಾನು ಸ್ವಿಚ್ ಬಂದ್ ಮಾಡಿದೆ. ಏಸಿ ಇಲ್ಲದ್ದಕ್ಕೆ ಕೂಗುತ್ತಿದೆ ಎಂದೇ ನನ್ನ ಎಣಿಕೆ. ಆರತಿ ಮುಗಿಯಿತು, ಏಸಿ ಚಾಲೂ ಆಯಿತು, ಪೇಢೆ ಹಂಚಿದರು. ಎರಡು ತಾಸು ಅಲ್ಲೇ ಹರಟುತ್ತ ಕೂತಿದ್ದು ಮನೆಗೆ ಹೋದೆವು. ಬಝರಿನ ಸ್ವಿಚ್ಚನ್ನು ನಾನು ಮರೆತೇಬಿಟ್ಟಿದ್ದೆ. ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ರಜೆ ಮುಗಿಸಿ ಬಂದಾಗ ರೂಮಿನ ತುಂಬ ಸುಟ್ಟ ವಾಸನೆ. ಹೂವು ಸಿಕ್ಕಿಕೊಂಡು ಫ್ಯಾನು ನಿಂತಿತ್ತು, ಒಳಗಿನ ಬೋರ್ಡು ಸುಟ್ಟು ಪೆಟ್ಟಿಗೆ, ಬಝರ್ ಎರಡೂ ಸತ್ತಿದ್ದವು, ಬ್ರ್ಯಾಂಚುಗಳ ಲೈನುಗಳೆಲ್ಲ ಬಂದ್. ನನ್ನ ಕಣ್ಣು ಮೊದಲು ಹೋದದ್ದು ಬಝರಿನ ಸ್ವಿಚ್ಚಿನ ಕಡೆಗೆ. ಅದು ಚಾಲೂ ಇತ್ತು. ಹಾಗಾದರೆ ನಾನೇ ಹಾಕಿರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಹಾರ ಹಾಕಿದ್ದು ಯಾರೆಂದು ಮ್ಯಾನೇಜರ್ ಕೇಳಿದರು. ನಾನೇ ಅಂದರು ಸೀನಿಯರ್. ಬಝರ್ ಕೂಗಲಿಲ್ಲವೇ ಎಂದಾಗ, ನಾವೆಲ್ಲ ಹೋದ ಮೇಲೆ ಕೂಗಿರಬೇಕು ಎಂದುಬಿಟ್ಟರು. ಅದನ್ನು ಬಂದ್ ಮಾಡದಿದ್ದರೆ ನಾವು ಪೇಢೆ ತಿನ್ನುತ್ತಿದ್ದಾಗಲೇ ಕೂಗುತ್ತಿತ್ತು. ಅವರು ಎಂದಿನಂತೆ ಎದ್ದುಹೋಗಿ, ಅಂಗೈ ಹಿಡಿದು ನೋಡಿ, ಹಾರ ತೆಗೆಯುತ್ತಿದ್ದರು. ಅದನ್ನು ಹೇಳಬೇಕಾದವಳು ನಾನು. ಪ್ರೊಬೇಶನ್ನಿನಲ್ಲಿದ್ದೆ, ಹೆದರಿದೆ, ತಲೆ ತಗ್ಗಿಸಿ ನಿಂತೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ದೀಪಾವಳಿಗೆ ಆರ್ಡರ್ ಬರಲಿಲ್ಲ. ಹಬ್ಬ ಮುಗಿದ ವಾರದಲ್ಲೇ ಅವರನ್ನು ಕೆಲಸದಿಂದ ತೆಗೆದರು. ಕೊನೆಯ ದಿನ ಸಂಜೆ ಬಾಂದ್ರಾ ಸ್ಟೇಶನ್ನಿನಲ್ಲಿ ಅವರ ಪಕ್ಕದಲ್ಲಿ ನಿಂತಿದ್ದೆ. ಇನ್ನು ತಡೆಯಲಾಗಲಿಲ್ಲ.

"ಸರ್, ಅವತ್ತ ಬಝರ್ ನಾನs ಬಂದ್ ಮಾಡಿದ್ದೆ ರೀ," ಅಂದೆ.

"ಗೊತ್ತಮ್ಮ," ಅಂದರು. "ನೀನು ಆಫ್ ಮಾಡಿದ್ದು ನೋಡಿದ್ದೆ. ಆಮೇಲೆ ಆನ್ ಮಾಡಿರ್ತೀಯ ಅಂದ್ಕೊಂಡೆ. ರಜೆ ಮುಗಿದ ಬೆಳಿಗ್ಗೆ ಮೊದಲು ಬಂದು ನಾನೇ ಆನ್ ಮಾಡ್ದೆ. ಇಬ್ಬರ ಕೆಲಸಾನೂ ಯಾಕೆ ಹೋಗ್ಬೇಕು?"

ಲೋಕಲ್ ಬಂತು. ಹತ್ತುವ ಮೊದಲು ನನ್ನ ಕಡೆ ತಿರುಗಿದರು.

"ಮ್ಯಾನೇಜರ್ ಮುಂದೆ ಬೇಡ, ನನ್ನ ಹತ್ರಾನಾದ್ರೂ ಹೇಳ್ತೀಯ ಅಂತ ದಿನಾ ಕಾದೆ ಕಣಮ್ಮ."

ಜೋಗೇಶ್ವರಿಗೆ ಹೋಗುವ ಗಾಡಿಯೂ ಅದೇ. ನಾನು ಹತ್ತಲಿಲ್ಲ.