ಅಮ್ಮನ ಮಾತಿಗೆ ನಾನು ಸೇರಿಸಿದ ಹಕಾರ

ಈ ಬರಹದಲ್ಲಿ ಲೋಪಗಳಿರುವುದು ಖಂಡಿತ. ಓದುವವರು ಕ್ಷಮಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ವಂಶದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದುದರಿಂದ, ಬರೆದ ವಾಕ್ಯವನ್ನು ತೋರಿಸಿ ಸರಿಯೇ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ತಿದ್ದುವ ಅಭ್ಯಾಸ ಅಂಟಿಕೊಂಡಿತು. ಆ ಅಭ್ಯಾಸದಿಂದ ಆದ ಒಂದು ತಪ್ಪನ್ನೇ ಇಲ್ಲಿ ಹೇಳಬೇಕಾಗಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದಿನ ಬೀದಿಯಲ್ಲಿ ಹೆಂಚಿನ ಸಾಲುಮನೆಗಳಿದ್ದವು, ಕೊನೆಯದು ನಮ್ಮದು. ತಂದೆಯವರು ಯಾರ್ಡಿನಲ್ಲಿ ಮೂಟೆ ಇಳಿಸುತ್ತಿದ್ದರು. ಅಮ್ಮ ಯಲಹಂಕದಾಚೆಯ ಹಳ್ಳಿಯವಳು. ಅವಳ ಮಾತಿನಲ್ಲಿ ಹಕಾರವೇ ಇರಲಿಲ್ಲ. ಹಾಲು ಅವಳಿಗೆ ಆಲು, ಹಸಿವು ಅಸಿವು. ನಾನೂ ಹಾಗೆಯೇ ಮಾತು ಕಲಿತವಳು. ಕಾಲೇಜಿನ ಮೊದಲ ವರ್ಷ ತರಗತಿಯಲ್ಲಿ ಎದ್ದುನಿಂತು ಪಾಠ ಓದುವಾಗ 'ಅಸಿವು' ಎಂದುಬಿಟ್ಟೆ. ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ಬಾಯಿ ತೆರೆಯುವ ಮುನ್ನ ಪ್ರತಿ ಹಕಾರವನ್ನೂ ಮನಸ್ಸಿನಲ್ಲೇ ತಡವಿ ನೋಡಿಕೊಳ್ಳುತ್ತಿದ್ದೆ.

ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ದಾಸರಹಳ್ಳಿಯ ಕಡೆ ಒಂದು ಊದುಬತ್ತಿ ಶೆಡ್ಡಿಗೆ ಹೋಗುತ್ತಿದ್ದಳು. ಇಬ್ಬರಲ್ಲಿ ಒಬ್ಬಳು ಓದಲಿ ಎಂಬ ತೀರ್ಮಾನ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಆಗಿಹೋಗಿತ್ತು. ಸಂಜೆ ಅವಳು ಬಂದರೆ ಮನೆಯೆಲ್ಲ ಗಂಧದ ವಾಸನೆ. ಅವಳ ಅಂಗೈ ಮಾತ್ರ ಇದ್ದಿಲಿನ ಕಪ್ಪು.

ಒಂದು ಬೆಳಿಗ್ಗೆ ಅಕ್ಕ ಮನೆಯಲ್ಲಿದ್ದ ಒಂದೇ ಕನ್ನಡಿಯ ಮುಂದೆ ನಿಂತು, ಜಡೆ ಸರಿಯಾಗಿ ಕೂರಲಿಲ್ಲವೆಂದು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಹತ್ತಿರದ ಕಾರ್ಖಾನೆಯ ಸೈರನ್ ಆಗಲೇ ಕೂಗಿತ್ತು; ಅವಳಿಗೆ ತಡವಾಗಿತ್ತು.

"ಎಷ್ಟೊತ್ತೇ ಕನ್ನಡಿ ಮುಂದೆ? ಯಾವ್ ಸಿನಿಮಾದೋರು ಕರ್ಯಕ್ ಬತ್ತಾವ್ರೆ ನಿನ್ನ?" ಎಂದಳು ಅಮ್ಮ, ಒಲೆಯ ಮುಂದೆ ಕೂತೇ.

"ಆಯ್ತು, ಬರ್ತೀನಮ್ಮ," ಎಂದಳು ಅಕ್ಕ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ.

"ಓಗು. ಓಗು ಅಂದ್ರೆ ಓಗು."

ಹೊರಡುವವರು 'ಬರ್ತೀನಿ' ಎನ್ನಬೇಕು, ಉಳಿದವರು 'ಹೋಗಿ ಬಾ' ಎನ್ನಬೇಕು. ಬರಿಯ 'ಹೋಗು' ಎಂದು ಮನೆಯವರನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಅಮ್ಮನಿಗೆ ಇದು ನನಗಿಂತ ಚೆನ್ನಾಗಿ ತಿಳಿದಿತ್ತು. ಸಂಜೆ ಬಂದಾಗ ಸಮಾಧಾನ ಮಾಡಿದರಾಯಿತು ಎಂದುಕೊಂಡಿರಬೇಕು.

ಅಂದು ಮಧ್ಯಾಹ್ನ ಶೆಡ್ಡಿನಲ್ಲಿ ಸುಗಂಧದ ಎಣ್ಣೆಯ ಪೀಪಾಯಿಗೆ ಬೆಂಕಿ ಹತ್ತಿತು. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. ನಮ್ಮ ಬೀದಿಯಿಂದ ಹೋಗುತ್ತಿದ್ದವರಲ್ಲಿ ಇಬ್ಬರು ಹಿಂದಿರುಗಲಿಲ್ಲ. ಒಬ್ಬಳು ಅಕ್ಕ, ಇನ್ನೊಬ್ಬಳು ಎದುರುಮನೆಯ ಹೆಂಗಸಿನ ಸೊಸೆ. ಆ ಹೆಂಗಸು ಮನೆಯಲ್ಲಿ ದಖನಿ ಉರ್ದು ಮಾತನಾಡುತ್ತಿದ್ದರು; ಬೀದಿಯ ಮಕ್ಕಳೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು.

ಆ ಮೇಲೆ ಅಮ್ಮ ಅಳಲಿಲ್ಲ. ಮಾತು ನಿಲ್ಲಿಸಿದಳು. ಉಪ್ಪು ಸಾಕೇ, ನೀರು ಬಂತೇ ಎಂಬಷ್ಟಕ್ಕೆ ತುಟಿ ತೆರೆಯುತ್ತಿದ್ದಳು. ನಾನಾಗಲಿ ತಂದೆಯವರಾಗಲಿ ಹೊರಡಲು ಎದ್ದರೆ ಅವಳೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. 'ಬರ್ತೀನಮ್ಮ' ಎಂದರೆ ಉತ್ತರ ಕೊಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಸೇವಾಸಂಸ್ಥೆಯ ಕಾರ್ಯಕರ್ತೆ ಸಂಜಯನಗರದಿಂದ ಬಸ್ಸಿನಲ್ಲಿ ಬರತೊಡಗಿದರು. ಪ್ರತಿ ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಬಾಲವಾಡಿಯ ಕೋಣೆಯಲ್ಲಿ ಚಾಪೆಯ ಮೇಲೆ ಸಂಕಟ ಕಂಡ ಮನೆಗಳ ಹೆಂಗಸರನ್ನು ಸುತ್ತಲೂ ಕೂರಿಸುತ್ತಿದ್ದರು. ಹೆಂಗಸರು ಅವರನ್ನು ಮೇಡಮ್ಮ ಎನ್ನುತ್ತಿದ್ದರು. ತಾವು ಒಂದು ವರ್ಷ ಮಾತ್ರ ಬರುವುದಾಗಿಯೂ, ಆ ಮೇಲೆ ಈ ಕೂಟವನ್ನು ನಡೆಸಲು ಬೀದಿಯವರೇ ಒಬ್ಬರು ನಾಯಕಿಯಾಗಬೇಕೆಂದೂ ಅವರು ಮೊದಲ ದಿನವೇ ಹೇಳಿದರು.

"ನಾಯಕೀನಾ?" ಎಂದರು ಖಾಲಾ. "ಮರ ಸುತ್ತೋಕೆ ನಂಗೆ ಮೊಣಕಾಲು ನೋವು ಮೇಡಮ್ಮ."

ಸತ್ತವರ ಮನೆಗಳ ಹೆಂಗಸರು ಮೊದಲ ಬಾರಿಗೆ ನಕ್ಕಿದ್ದು ಆಗ. ಮೇಡಮ್ಮನೂ ನಕ್ಕು, ಆ ಪದವನ್ನೇ ಬಿಟ್ಟರು. "ಸರಿ, ಚಾಪೆ ಹಾಸೋರು ಒಬ್ರು ಬೇಕು ಅಂದ್ಕೊಳ್ಳಿ," ಎಂದರು. ಅಂದಿನಿಂದ ಅದೇ ಹೆಸರು ನಿಂತಿತು.

ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿಯೊಬ್ಬರೂ ಆಡಿದ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಶನಿವಾರ ಓದಬೇಕು. ಆಡಿದವರು ಕೇಳಿ, 'ಇದು ನನ್ನ ಮಾತು' ಎಂದು ಹೆಬ್ಬೆಟ್ಟು ಒತ್ತಬೇಕು. ತನ್ನ ಮಾತು ತನ್ನದೆಂದು ಎಲ್ಲರೆದುರು ಒಪ್ಪಿಕೊಂಡಾಗ ಎದೆ ಸ್ವಲ್ಪ ಹಗುರಾಗುತ್ತದೆ ಎಂಬುದು ಮೇಡಮ್ಮನ ನಂಬಿಕೆ. "ಅವರು ಹೇಳಿದ ಹಾಗೇ ಬರೀಬೇಕು," ಎಂದು ನನಗೆ ಎರಡು ಬಾರಿ ಹೇಳಿದ್ದರು. ಹೇಳಿದ ವಿಷಯ ಬದಲಾಗಬಾರದು ಎಂದು ನಾನು ಅರ್ಥ ಮಾಡಿಕೊಂಡೆ. ತಪ್ಪು ಕನ್ನಡವನ್ನು ತಪ್ಪಾಗಿಯೇ ಬರೆಯಿರಿ ಎಂದು ಓದಿದವರೊಬ್ಬರು ಹೇಳಬಹುದೆಂದು ನನಗೆ ತೋಚಲೇ ಇಲ್ಲ.

ಮೊದಲ ಸಲ ಓದಿದಾಗ ಖಾಲಾ ಕಣ್ಣರಳಿಸಿ ಕೇಳಿದರು. "'ನನ್ನ ಹೃದಯವು ದುಃಖದಿಂದ ತತ್ತರಿಸಿತು.' ಅರೇ ಬೇಟೀ, ಇದು ಯಾರ್ದು? ರೇಡಿಯೋದೋರ್ ಮಾತಾ?"

"ನೀವೇ ಹೇಳಿದ್ದು ಖಾಲಾ."

"ನಾನು ಹೊಟ್ಟೆ ಉರೀತು ಅಂದೆ ಅಷ್ಟೇ. ಇರ್ಲಿ ಬಿಡು, ಚೆನ್ನಾಗೈತೆ. ನನ್ ಹೆಸರಲ್ಲಿ ಇಷ್ಟು ದೊಡ್ಡ ಮಾತು ಒಂದಾದ್ರೂ ಇರ್ಲಿ," ಎಂದು ನಗುತ್ತ ಹೆಬ್ಬೆಟ್ಟು ಒತ್ತಿದರು.

ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ.

ಅಮ್ಮ ಪ್ರತಿ ಶನಿವಾರ ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಮಾತಿಲ್ಲ. ಆದರೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿ, ಎಲ್ಲರೂ ಹೋದ ಮೇಲೆ ಸುತ್ತಿಡುವವಳು ಅವಳೇ. ಮೇಡಮ್ಮ ಇದನ್ನು ಗಮನಿಸಿದ್ದರು. ಒಮ್ಮೆ ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆಯುತ್ತ, "ನಿಮ್ಮ ತಾಯಿ ಬಾಯಿ ಬಿಟ್ರೆ ಸಾಕು. ಮುಂದೆ ಇದನ್ನ ನಡೆಸೋಕೆ ಅವರೇ ಸರಿ. ಬಾಯಿ ಬಿಡದೇ ಇದ್ರೆ ಅವರು ಒಳಗೊಳಗೇ ಮುಗಿದುಹೋಗ್ತಾರೆ," ಎಂದರು. ನಾನು ಭಯದಿಂದ ತಲೆಯಾಡಿಸಿದೆ. ಅಂದಿನಿಂದ ಪ್ರತಿ ಶನಿವಾರ ನಾನು ಕಾಯುತ್ತಿದ್ದುದು ಅದೊಂದನ್ನೇ.

ಏಳನೆಯ ಶನಿವಾರ ಅಮ್ಮ ಮಾತನಾಡಿದಳು. ಯಾರೂ ಕೇಳಿರಲಿಲ್ಲ. ನೆಲ ನೋಡುತ್ತ, ಚಾಪೆಯ ಕಡ್ಡಿಯೊಂದನ್ನು ಬೆರಳಿಂದ ಎಬ್ಬಿಸುತ್ತ ಹೇಳಿದಳು:

"ಬರ್ತೀನಮ್ಮ ಅಂತು ಮಗ. ಓಗಿ ಬಾ ಅನ್ನಕೆ ನನ್ ನಾಲ್ಗೆಗೇನ್ ಬಂದಿತ್ತು? ಓಗು ಅಂದೆ. ಓಗು ಅಂದ್ರೆ ಓಗು ಅಂದೆ. ಅದ್ಕೇ ಓಯ್ತು. ಓದೋಳು ಇನ್ ಬರಾಕಿಲ್ಲ."

ಖಾಲಾ ಹತ್ತಿರ ಜರುಗಿ ಅಮ್ಮನ ಬೆನ್ನ ಮೇಲೆ ಕೈಯಿಟ್ಟರು. ಅಮ್ಮ ಅಷ್ಟೂ ತಿಂಗಳ ಅಳುವನ್ನೆಲ್ಲ ಅಲ್ಲಿ ಅತ್ತಳು. ಆ ಸಂಜೆ ಮನೆಯಲ್ಲಿ ತಂದೆಯವರು ಪಾಳಿಗೆ ಹೊರಟಾಗ ಹಿತ್ತಲಿಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಅವರು ಬೀದಿಯ ತಿರುವು ದಾಟುವವರೆಗೂ ನೋಡುತ್ತಿದ್ದಳು.

ನಾನು ಪುಸ್ತಕ ತೆರೆದು ಬರೆಯಲು ಕುಳಿತೆ. 'ಓಗು' ಎಂದು ಬರೆಯಲು ಕೈ ಬರಲಿಲ್ಲ. ಹಕಾರ ಸೇರಿಸಿ 'ಹೋಗು' ಎಂದು ಮಾಡಿದೆ. ಅಮ್ಮನ ಬಾಯಲ್ಲಿ ಹೋದವಳೂ 'ಓದೋಳು', ಕಾಲೇಜಿನಲ್ಲಿ ಓದುವ ನಾನೂ 'ಓದೋಳು'. ಓದುವವರು ತಪ್ಪು ತಿಳಿದಾರೆಂದು ಅದನ್ನು 'ಅಗಲಿದವಳು' ಎಂದು ತಿದ್ದಿದೆ. ಆ ಮೇಲೆ 'ಹೋಗು' ಎಂಬುದನ್ನೇ ನೋಡುತ್ತ ಕುಳಿತೆ. ಈ ಪುಸ್ತಕ ಸಂಸ್ಥೆಯ ಕಚೇರಿಗೆ ಹೋಗುತ್ತದೆ. ಹೆತ್ತ ತಾಯಿ ಮಗಳಿಗೆ ಹೀಗೆ ಅಂದಳೆಂದು ಪರಕೀಯರು ಓದಬೇಕೇ? ಆ ಪದವನ್ನೂ ಹೊಡೆದುಹಾಕಿ, 'ಹೋಗಿ ಬಾ ಮಗಳೇ ಎಂದು ಹರಸಿ ಕಳುಹಿಸಿದೆನು' ಎಂದು ಬರೆದೆ. ವಾಕ್ಯ ಸರಿಯಾಗಿ ಕಂಡಿತು. ಶುದ್ಧಪ್ರತಿ ಮಾಡಿದೆ.

ಮುಂದಿನ ಶನಿವಾರ ಅದನ್ನು ಓದಿದೆ. ಓದಿ ಮುಗಿಸಿ ತಲೆಯೆತ್ತಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ. ತನ್ನ ಮಾತು ಬರೆಯಲಾಗದಷ್ಟು ಕೆಟ್ಟದೆಂದು ಓದಿದ ಮಗಳೇ ತೀರ್ಪು ಕೊಟ್ಟಂತೆ ನೋಡುತ್ತಿದ್ದಳೆಂದು ಇಂದು ಅನ್ನಿಸುತ್ತದೆ.

"ಏ ಬೇಟೀ, ಆಯಮ್ಮ ಹಂಗ್ ಹೇಳ್ಳಿಲ್ಲ," ಎಂದರು ಖಾಲಾ. "ಹೋಗು ಅಂದೆ ಅಂತ ತಾನೇ ಅತ್ತಿದ್ದು? ಅದನ್ನೇ ತೆಗ್ದುಬಿಟ್ರೆ ಅತ್ತಿದ್ದು ಯಾತಕ್ಕೆ?"

ಮೇಡಮ್ಮ ಅಮ್ಮನ ಕಡೆ ಬಾಗಿದರು. "ಇದು ನಿಮ್ಮ ಮಾತಾಮ್ಮ? ಅಲ್ಲ ಅಂದ್ರೆ ಅಲ್ಲ ಅನ್ನಿ."

"ನಂದೇಯಾ," ಎಂದಳು ಅಮ್ಮ. "ಓದೋಳು ಸರಿಯಾಗೇ ಬರ್ದವ್ಳೆ."

ಶಾಯಿಯ ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದಳು. ಅಂದು ಚಾಪೆ ಸುತ್ತಿಟ್ಟವರು ಖಾಲಾ.

ಮುಂದಿನ ವಾರ ಅಮ್ಮ ಬರಲಿಲ್ಲ. ಅದರ ಮುಂದಿನ ವಾರವೂ. ಮೇಡಮ್ಮ ಮನೆಗೆ ಬಂದಾಗ ಅಮ್ಮ ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು, ಅಕ್ಕಿ ಆರಿಸುತ್ತ ಕುಳಿತಳು. ನಾನು ಪುಸ್ತಕ ಕೇಳಿ ತಂದು, ಆ ಸಾಲನ್ನು ಹೊಡೆದು, ಅವಳು ಆಡಿದ್ದನ್ನು ಆಡಿದಂತೆಯೇ ಬರೆದು, ಒಲೆಯ ಮುಂದೆ ಕೂತಿದ್ದ ಅವಳಿಗೆ ಓದಿದೆ. 'ಓಗು' ಎಂದು ಓದುವಾಗ ನನ್ನ ನಾಲಿಗೆ ತಡವರಿಸಿತು; ಆ ಹೊತ್ತಿಗೆ ಅದು ನನ್ನ ಬಾಯಿಗೂ ಬಾರದಾಗಿತ್ತು.

"ಹೆಬ್ಬೆಟ್ಟು ಒತ್ತಿ ಆಗಿದೆ," ಎಂದಳು ಅಮ್ಮ. "ಇನ್ನು ತಿದ್ದಬೇಡ."

ಆ ಮಾತಿನಲ್ಲಿ ಇದ್ದದ್ದು ಒಂದೇ ಹಕಾರ. 'ಎಬ್ಬೆಟ್ಟು' ಎನ್ನಬೇಕಿದ್ದ ಅವಳು 'ಹೆಬ್ಬೆಟ್ಟು' ಎಂದಳು, ಜಾಗ್ರತೆಯಿಂದ, ಗುರುತಿಲ್ಲದವರೊಡನೆ ಮಾತನಾಡುವಂತೆ.

ಆ ಕೂಟದಲ್ಲಿ ಬರೆಯುವವಳಿಗೆ ಸರದಿ ಇರಲಿಲ್ಲ. ಇದ್ದಿದ್ದರೆ ನಾನು ಹೇಳಬೇಕಾದದ್ದು ಇಷ್ಟು: ಆ ಬೆಳಿಗ್ಗೆ ಅಕ್ಕನಿಗೆ ತಡವಾದದ್ದು ನನ್ನಿಂದ. ಅವಳಿಗಿಂತ ಮುಂಚೆ ಕನ್ನಡಿಯನ್ನು ಅರ್ಧ ಗಂಟೆ ಹಿಡಿದುಕೊಂಡಿದ್ದವಳು ನಾನು. ತುಟಿ ಹೇಗೆ ತೆರೆಯುತ್ತದೆಂದು ನೋಡಿಕೊಳ್ಳುತ್ತ ಹಾಲು, ಹಸಿವು, ಹೊಸ್ತಿಲು ಎಂದು ಹೇಳಿಕೊಳ್ಳುತ್ತಿದ್ದೆ. ಅಕ್ಕ ಹಿಂದೆ ನಿಂತು, "ಬೇಗ ಕೊಡೇ, ಇಸ್ಕೂಲ್ ಮೇಷ್ಟ್ರೇ," ಎಂದು ಎರಡು ಬಾರಿ ಕೇಳಿದ್ದಳು. ಇದನ್ನು ಅಮ್ಮನಿಗೆ ನಾನು ಎಂದೂ ಹೇಳಲಿಲ್ಲ.

ವರ್ಷ ತುಂಬಿದಾಗ ಚಾಪೆ ಹಾಸುವವರಾಗಿ ಹೆಂಗಸರು ಆರಿಸಿದ್ದು ಖಾಲಾರನ್ನು. ಅವರು ಬರೆಯುವ ಪುಸ್ತಕವನ್ನು ನಿಲ್ಲಿಸಿ, ಆಡಿದ ಮಾತನ್ನು ಆಡಿದವರ ಬಾಯಿಂದಲೇ ಎರಡನೆಯ ಬಾರಿ ಹೇಳಿಸುತ್ತಿದ್ದರಂತೆ. ಕೂಟ ಬಹಳ ಕಾಲ ನಡೆಯಿತು.

ನಮ್ಮ ಮನೆಯ ವಿಷಯ ಹೀಗಾಯಿತು. ನಾನು ಬಿ.ಎ. ಪಾಸಾಗಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ. ಎರಡು ವರ್ಷದ ನಂತರ ಯಶವಂತಪುರದ ಮನೆ ಬಿಟ್ಟು ಅಟ್ಟೂರಿನ ಬಾಡಿಗೆ ಮನೆಗೆ ಹೋದೆವು. ತಂದೆಯವರು ಮೂಟೆ ಹೊರುವುದನ್ನು ಬಿಟ್ಟರು. ದೇವರ ಮುಂದೆ ದೀಪ ಮಾತ್ರ ಹಚ್ಚುತ್ತೇವೆ, ಊದುಬತ್ತಿ ಹಚ್ಚುವುದಿಲ್ಲ. ಅಮ್ಮ ತಂದೆಯವರೊಡನೆ, ನೆರೆಯವರೊಡನೆ ಮೊದಲಿನ ಮಾತಿಗೆ ಮರಳಿದಳು. ನನ್ನೊಡನೆ ಮಾತ್ರ ಮರಳಲಿಲ್ಲ. ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ಬಾಗಿಲಿಗೆ ಬಂದು, "ಹೋಗಿ ಬಾ," ಎನ್ನುತ್ತಿದ್ದಳು. ಹಕಾರ ಒಂದು ದಿನವೂ ತಪ್ಪಲಿಲ್ಲ.