ಪುಟ್ಟತಾಯಮ್ಮ ಹೇಳದ ಹೆಸರು

ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಎಂಬ ಪ್ರಾಣಿ ನೆನಪಾಗುವುದು ವಂದನಾರ್ಪಣೆಗೆ, ಇಲ್ಲವೇ ಯಾವುದಕ್ಕಾದರೂ ಹೆಸರಿಡಬೇಕಾದಾಗ. ಈ ಸಲ ತಾವು ಮಾಡಿದ ರೋಬಾಟಿಗೂ ಅದರ ತಂಡಕ್ಕೂ ಒಂದೇ ಹೆಸರು ಬೇಕೆಂದು ಮಕ್ಕಳು ನನ್ನನ್ನು ಹುಡುಕಿಕೊಂಡು ಬಂದರು. ಸರಗೂರಿನಿಂದ ಕಾಡಿನ ಕಡೆಗೆ ಹೋಗುವ ರಸ್ತೆಯ ಶಾಲೆ ನಮ್ಮದು. ಮೈಸೂರಿನ ಸ್ಪರ್ಧೆಗೆ ಇಲ್ಲಿಂದ ತಂಡವೊಂದು ಹೊರಟಿರುವುದು ಇದೇ ಮೊದಲು. ನಾನು ಹುರುಪಿನಿಂದ ‘ಯಂತ್ರಚೇತನ’ ಎಂದೆ. ತಂಡದ ಶ್ಯಾಮಲಾ ಕಿಸಕ್ಕನೆ ನಕ್ಕು, “ಮಿಸ್, ಅದ್ರಲ್ಲಿ ಇವನೊಬ್ಬನ ಹೆಸ್ರೇ ಐತೆ” ಎಂದು ಪಕ್ಕದಲ್ಲಿದ್ದ ಚೇತನ್‌ಕುಮಾರನನ್ನು ತೋರಿಸಿದಳು. ಅವನು ಹೇಳಿದ ‘ಟೈಗರ್ ಟೆಕ್’ ನನಗೆ ಹಿಡಿಸಲಿಲ್ಲ. ಈ ಸೀಮೆಯಲ್ಲಿ ಹುಲಿಯ ಹೆಸರಿಟ್ಟುಕೊಳ್ಳದ ಒಂದು ಬೇಕರಿಯಾದರೂ ಉಳಿದಿದೆಯೇ?

ಆಗ ಶ್ಯಾಮಲಾ, “ಬೀರಯ್ಯ ಅಂತ ಇಡಾಣ ಮಿಸ್” ಎಂದಳು. ಯಾರೂ ನಗಲಿಲ್ಲ.

ಸಣ್ಣಬೀರಯ್ಯ ನಮ್ಮ ಗೇಟಿನ ಎದುರಿಗೆ ಸೈಕಲ್ ಶಾಪ್ ಇಟ್ಟಿದ್ದವನು. ರೋಬಾಟಿನ ಚಕ್ರ, ತಗಡು, ನಟ್ಟು, ಬೋಲ್ಟು ಎಲ್ಲ ಅವನ ಡಬ್ಬಿಗಳಿಂದಲೇ ಬಂದದ್ದು. “ನಿಮ್ ರೋಬಾಟು ಪಂಚರ್ ಆದ್ರೆ ನನ್ ತಾವೇ ತರ್ಬೇಕು ಕಣ್ರಲಾ” ಎಂದು ಗದರುತ್ತಲೇ ಕೊಡುತ್ತಿದ್ದ. ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ಹೆಂಡತಿ ಪುಟ್ಟತಾಯಮ್ಮ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಒಪ್ಪಿಗೆ ಇಲ್ಲದೆ ಆ ಹೆಸರಿಡುವಂತಿರಲಿಲ್ಲ.

ಪುಟ್ಟತಾಯಮ್ಮ ಅಂತರಸಂತೆ ಕಡೆಯ ಹೆಣ್ಣು. ಅವಳ ಬಾಯಿಗೆ ಹೆಡ್‌ಮಾಸ್ಟರೂ ಹೆದರುತ್ತಾರೆ. ಸರಿಯಾಗಿ ಬೇಯುವಂಥ ಬೇಳೆ ಬರದಿದ್ದ ದಿನ ಅವಳ ಮಾತು ಒಂಬತ್ತನೇ ಕ್ಲಾಸಿನವರೆಗೂ ಕೇಳಿಸುತ್ತದೆ. ಅಷ್ಟು ದೊಡ್ಡ ಬಾಯಲ್ಲಿ ಗಂಡನ ಹೆಸರು ಮಾತ್ರ ಒಂದು ದಿನವೂ ಬಂದದ್ದಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯ ಹೊತ್ತಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳಂತೆ. ಅಂಥ ಹೆಂಗಸರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಇವಳು ಅವರಿಗಿಂತ ಒಂದು ಕೈ ಮುಂದೆ. ಬೀರು ಎಂಬ ಮಾತನ್ನೂ ಆಡುತ್ತಿರಲಿಲ್ಲ. ಸ್ಟಾಫ್ ರೂಮಿನ ಬೀರು ಅವಳಿಗೆ ‘ಕಬ್ಬುಣದ್ದು’. ಕೆಲಸಕ್ಕೆ ಸೇರುವಾಗ ಗಂಡನ ಹೆಸರು ಕೇಳಿದರೆ, “ಅಗೋ, ಆ ಕಬ್ಬುಣದ್ದು ಐತಲ್ಲ, ಅದ್ಕೆ ಅಯ್ಯ ಸೇರುಸ್ಕಳಿ, ಮುಂದ್ಕೆ ಸಣ್ಣ ಆಕ್ಕಳಿ” ಎಂದಳು. ಹೊಸದಾಗಿ ಬಂದಿದ್ದ ಗುಮಾಸ್ತರು ‘ಸಣ್ಣಕಪಾಟಯ್ಯ’ ಎಂದು ಬರೆದುಕೊಂಡರು.

ಊರೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಬೀರಯ್ಯ ನಕ್ಕ. ಮಕ್ಕಳಿಲ್ಲದ ಸಂಸಾರ. ದಿನಾ ಜಗಳ, ದಿನಾ ರಾಜಿ. ಮಧ್ಯಾಹ್ನ ಅವಳು ಗೇಟಿನ ಹತ್ತಿರ ನಿಂತು ಬುತ್ತಿಯ ಡಬ್ಬಿಗೆ ಚಮಚ ಬಡಿದರೆ ಅವನು ಕೈ ಒರೆಸಿಕೊಳ್ಳುತ್ತಾ ಎದ್ದು ಬರುತ್ತಿದ್ದ. ಹೆಸರಿನ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ.

ಮಕ್ಕಳು ನನ್ನನ್ನೂ ಕರೆದುಕೊಂಡು ಹೋಗಿ ಕೇಳಿದಾಗ ಅವಳು ಅನ್ನ ಬಸಿಯುತ್ತಿದ್ದಳು. “ಬ್ಯಾಡ” ಎಂದಳು.

“ಅಲ್ಲ ಕಣಕ್ಕ, ಇದು ಹೆಸ್ರಿಡಿದು ಕರುದ್ರೆ ಬತ್ತದೆ. ಫೋನಲ್ಲಿ ಆಗ್ಲೇ ಹಾಕಿವಿ. ಬೀರಯ್ಯ ಅಂದ್ರೆ ಸಾಕು, ಬರ್ರಂತ ಬತ್ತದೆ” ಎಂದ ಚೇತನ್.

“ಬ್ಯಾಡ ಅಂದ್ರೆ ಬ್ಯಾಡ. ನಡೀರ್ಲಾ ಆಚ್ಗೆ!” ಅವಳು ಸೌಟು ಎತ್ತಿದಳು. ಮಕ್ಕಳು ಓಡಿದರು.

ನಾನು ಅಲ್ಲೇ ಉಳಿದೆ. “ಇನ್ನೂ ಯಾಕೆ ಪುಟ್ಟತಾಯಮ್ಮ ಈ ಶಾಸ್ತ್ರ? ಅವರೇ ಇಲ್ಲವಲ್ಲ” ಎಂದೆ.

“ಶಾಸ್ತ್ರ ಅಲ್ಲ ಕಣ್ರವ್ವ” ಎಂದು ಅವಳು ಒಲೆಯ ಪಕ್ಕ ಕುಸಿದು ಕೂತಳು.

ಬೀರಯ್ಯ ಸತ್ತದ್ದು ಹೇಗೆಂದು ಊರಿಗೆಲ್ಲ ಗೊತ್ತು. ತಪ್ಪಿಸಿಕೊಂಡ ಕರು ಹುಡುಕಲು ಸಂಜೆ ಕಾಡಂಚಿಗೆ ಹೋದವನು ಮಳೆಯಲ್ಲಿ ಜಾರಿ ಟ್ರಂಚಿಗೆ ಬಿದ್ದಿದ್ದ. ಆನೆ ಊರಿಗೆ ಬರದಿರಲೆಂದು ತೋಡಿದ ಆಳದ ಕಂದಕ ಅದು. ತೊಡೆ ಮುರಿದಿತ್ತು. ಊರಿನವರು ಕೆರೆಯ ಕಡೆ ಹುಡುಕಿದರು. ಬೆಳಗ್ಗೆ ಟ್ರಂಚಿನ ಕೆಸರಲ್ಲಿ ಹೆಣ ಸಿಕ್ಕಿತು. ಪುಟ್ಟತಾಯಮ್ಮ ಆ ಸಂಜೆ ಎಲ್ಲಿದ್ದಳು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

“ಅದೇ ಟ್ರಂಚಿನ್ ಏರಿ ಮ್ಯಾಲೆ ಮಬ್ಬುಗತ್ಲಲ್ಲಿ ಒಬ್ಳೇ ಓಗಿದ್ದೆ ಮೇಡಮ್ಮಾರೆ. ‘ಓ, ಎಲ್ಲಿದ್ದೀರಿ, ಓ, ಇಲ್ ಕೇಳಿ’ ಅಂತ ಕೂಗ್ದೆ. ದನ ಅಟ್ಟೋರೂ ಅಂಗೇ ಓ ಅಂತ ಕೂಗ್ತಿದ್ರು. ಒಳಗ್ ಬಿದ್ದಿದ್ ನಮ್ಮನೆಯೋರು, ಯಾರೋ ಯಾರ್ನೋ ಕರೀತಾವ್ರೆ ಅಂದ್ಕಂಡು ಸುಮ್ನಿದ್ರೇನೋ. ಹೆಸ್ರು ನಾಲ್ಗೆ ತುದೀಗೆ ಬಂದಿತ್ತು. ಇಂಥಾ ಹೊತ್ನಲ್ಲಿ ಅದ್ನ ಅಂದು ಅವರ ಆಯಸ್ಸು ಕಮ್ಮಿ ಆಗ್ಬುಟ್ರೆ ಅಂತ ನುಂಗ್ಕಂಡೆ.”

ಒಲೆಯ ಕೊಳ್ಳಿಯನ್ನು ಸುಮ್ಮನೆ ಹಿಂದಕ್ಕೆ ಎಳೆದಳು. “ಬೆಳಗಿನ್ ಜಾವದ್ ಗಂಟ ಜೀವ ಇತ್ತು ಅಂದ್ರು ಡಾಕ್ಟ್ರು.”

ಇಷ್ಟು ವರ್ಷ ಕನ್ನಡ ಪಾಠ ಮಾಡಿದ್ದು, ಓದಿದ್ದೆಲ್ಲ ದಂಡ ಎನ್ನಿಸಿತು. ಅವಳ ಪಕ್ಕದಲ್ಲಿ ಕೂತು ಅತ್ತೆ, ಅಷ್ಟೇ. ಅವಳೇ ಎದ್ದು, “ಅನ್ನ ಆರೋಯ್ತದೆ, ಬುಡಿ” ಎಂದು ಪಾತ್ರೆ ಎತ್ತಿದಳು.

ಕಾರಣ ಹೇಳದೆ, ಬೇರೆ ಹೆಸರು ನೋಡಿಕೊಳ್ಳಿ ಎಂದು ಮಕ್ಕಳಿಗೆ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ನಮ್ಮ ಹೊಳೆಯ ಹೆಸರು ‘ಕಪಿಲಾ’ ಎಂದು ಒಪ್ಪಿದರು. ಶನಿವಾರ ಬೆಳಗ್ಗೆ ಪಡಸಾಲೆಯಲ್ಲಿ ರೋಬಾಟನ್ನಿಟ್ಟುಕೊಂಡು ಫೋನಿನಲ್ಲಿ ಹೊಸ ಹೆಸರು ತುಂಬಿಸಲು ಕೂತರು. ಅಡುಗೆಮನೆಯಿಂದ ಪುಟ್ಟತಾಯಮ್ಮ ಬಂದು ಕಂಬದ ಹತ್ತಿರ ನಿಂತಳು.

“ಹಳೇದು ಅಳಿಸ್ಬುಟ್ರಾ ಮಗ?”

“ಇಲ್ಲ ಕಣಕ್ಕ, ಈಗ ಅಳಿಸ್ತೀವಿ” ಎಂದಳು ಶ್ಯಾಮಲಾ.

“ಒಂದ್ ಗಳಿಗೆ ತಡಿ.”

ಅವಳು ನೆಲದ ಮೇಲೆ ಕೂತಳು. ಶ್ಯಾಮಲಾ ಏನೂ ಕೇಳದೆ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು. ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ತೆಗೆದಳು, ಮತ್ತೆ ಒತ್ತಿಕೊಂಡಳು. ಹೋಗಲಿ ಬಿಡಿ ಎನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ತುಟಿ ಅಲ್ಲಾಡಿತು. “ಬೀರಯ್ಯ” ಎಂದಳು. ಪಕ್ಕದಲ್ಲೇ ಇದ್ದ ನನಗೆ ಅದು ಉಸಿರಿನಷ್ಟೇ ಕೇಳಿಸಿತು.

ರೋಬಾಟು ಬರ್ರೆಂದು ಹೊರಟು ಅವಳ ಮಂಡಿಯ ಹತ್ತಿರ ಬಂದು ನಿಂತಿತು. ಏನೂ ತಿಳಿಯದ ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಅವಳು ಅದನ್ನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿದಳು.

“ಇಷ್ಟ್ ಮೆಲ್ಲುಗ್ ಅಂದ್ರೂ ಕೇಳುಸ್ತಲ್ಲ ಮೇಡಮ್ಮಾರೆ.”