ಅತ್ತೆ ಕಾಶಿಯಲ್ಲಿ ಬಿಟ್ಟು ಬಂದದ್ದು

ಮೊನ್ನೆ ಮೊಮ್ಮಗನ ಹೆಂಡತಿ ಕಾಶಿಯಿಂದ ಬಂದವಳು ನನ್ನ ಕೈಯಲ್ಲೊಂದು ಗಂಗೆಯ ಗಿಂಡಿ ಇಟ್ಟಳು. ನೀವೂ ನೋಡಿರುತ್ತೀರಿ: ಅಂಗೈಯಲ್ಲಿ ಅಡಗುವಷ್ಟು ತಾಮ್ರದ್ದು, ಬಾಯಿಗೆ ಬೆಸುಗೆ ಹಾಕಿದ್ದು, ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುವುದು. ಕಾಲಿಗೆ ಬಿದ್ದು ಎದ್ದವಳೇ, "ಅಜ್ಜಿ, ಕಾಶ್ಯಾಗ ಹಾಗಲಕಾಯಿ ಬಿಟ್ಟು ಬಂದೆನ್ರಿ" ಎಂದಳು. ಈ ಮನೆಗೆ ಬಂದು ಎರಡು ವರ್ಷವಾಯಿತು, ಆಕೆ ಹಾಗಲಕಾಯಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಆದರೂ "ಛಲೋ ಆತು ಬಿಡವಾ" ಎಂದೆ. ನಾನು ಯಾವುದಕ್ಕೂ ಹೆಸರಿಡುವವಳಲ್ಲ. ಹೆಸರಿಡುವುದು ಅಂದರೆ ನಮ್ಮ ಕಡೆ ಕೊಂಕು ತೆಗೆಯುವುದು. ಈ ಮುದುಕಿಗೆ ಆ ಚಟ ಇಲ್ಲ ಎಂದು ಓಣಿಯವರೆಲ್ಲ ಹೊಗಳುತ್ತಾರೆ, ನಾನೂ ಕೇಳಿಸಿಕೊಂಡು ಕೇಳಿಸದವಳಂತೆ ಇರುತ್ತೇನೆ.

ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಸಾಯುವ ತನಕ ಮುಟ್ಟಬಾರದು ಎಂಬುದು ರೂಢಿ. ನಮ್ಮ ಜನ ಇದಕ್ಕೂ ದಾರಿ ಹುಡುಕಿದ್ದಾರೆ. ನನ್ನ ಮಾವನವರು ಬಾಯಲ್ಲಿ ಒಂದು ಹಲ್ಲೂ ಉಳಿಯದ ವಯಸ್ಸಿನಲ್ಲಿ ಹೊಟಗಿಯ ರೈಲುಗಾಡಿ ಹತ್ತಿ ಕಾಶಿಗೆ ಹೋಗಿ, ಕಬ್ಬು ಬಿಟ್ಟು ಬಂದರು.

ಅತ್ತೆ ಏನು ಬಿಟ್ಟರು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಅವರಿಬ್ಬರೂ ಕಾಶಿಯಿಂದ ಬಂದ ಮರುತಿಂಗಳೇ ನಾನು ಲಕ್ಷ್ಮೇಶ್ವರದಿಂದ ಬೆಟಗೇರಿಯ ಆ ಅರಳೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಅವ್ವ ನನ್ನನ್ನು ಕಳಿಸುವಾಗ ಅತ್ತಿದ್ದು ಮಗಳು ದೂರವಾದಳೆಂದಲ್ಲ. ಗದಗಿನಿಂದ ಶಿರಹಟ್ಟಿಯ ತನಕ ಯಾರ ಮನೆಯ ಊಟಕ್ಕೂ ಹೆಸರಿಡದೆ ಏಳದ ಹೆಂಗಸಿನ ಕೈಗೆ ಮಗಳನ್ನು ಕೊಟ್ಟೆನಲ್ಲಾ ಎಂದು. ನಮ್ಮ ನಿಶ್ಚಯದ ಊಟದಲ್ಲೇ ಅತ್ತೆ ಹೇಳಿದ್ದರಂತೆ: "ಹೋಳಿಗಿ ಭಾರೀ ಅದಾವ್ರಿ. ಕಾಲಾಗಿನ ಚಪ್ಪಲಿ ತಳಕ್ಕ ಹೊಲಿಸಿದ್ರ ಎರಡು ಮಳಿಗಾಲ ಬಾಳಿಕಿ ಬರ್ತಾವ."

ಇಂಥವರ ಅಡಿಗೆಮನೆಯಲ್ಲಿ ಹದಿನೇಳರ ನಾನು. ಅವರು ಬಿಟ್ಟ ಪದಾರ್ಥವನ್ನು ತಿಳಿಯದೆ ಬಡಿಸಿದರೆ ವ್ರತ ಮುರಿದ ಪಾಪ ನನ್ನ ತಲೆಗೆ. ಕೇಳಿದರೆ, "ಬಿಟ್ಟಿದ್ದನ್ನ ಡಂಗುರ ಹೊಡದ್ರ ಅದು ಬಿಟ್ಟಂಗ ಅಲ್ಲವಾ" ಅನ್ನುತ್ತಿದ್ದರು. ನಾನು ಒಂದೊಂದಾಗಿ ಪರೀಕ್ಷೆ ಮಾಡಿದೆ. ಎಣ್ಣಿಗಾಯಿ ಮಾಡಿದೆ, ಉಂಡರು. ಮಾವಿನ ಸೀಕರಣೆ ಮಾಡಿದೆ, ಬಟ್ಟಲು ನೆಕ್ಕಿದರು. ಪುಂಡಿಪಲ್ಲೆ, ಶೇಂಗಾ ಚಟ್ನಿ, ಮಾದಲಿ, ಯಾವುದಕ್ಕೂ ಬೇಡ ಅನ್ನಲಿಲ್ಲ. ಹೆಚ್ಚಿನ ಸೋಜಿಗವೆಂದರೆ ಯಾವುದಕ್ಕೂ ಹೆಸರಿಡಲಿಲ್ಲ. ಉಂಡು ಕೈ ತೊಳೆದು, ದೇವರ ಜಗಲಿಯ ಮೇಲೆ ಕಾಶಿಯಿಂದ ತಂದಿಟ್ಟಿದ್ದ ಗಿಂಡಿಗೆ ಕೈ ಮುಗಿದು ಸುಮ್ಮನೆ ಹೋಗುತ್ತಿದ್ದರು.

ನನಗೆ ಒಂದೇ ಅರ್ಥವಾಯಿತು. ನನ್ನ ಕೈಯಲ್ಲಿ ಅನ್ನಪೂರ್ಣೆಯೇ ಇದ್ದಾಳೆ!

ಈಗ ನೆನೆದರೆ ನಾಚಿಕೆಯಾಗುತ್ತದೆ. ಊಟವಾದ ಮೇಲೆ ಮಾವ ಎರಡೆರಡು ತಂಬಿಗೆ ನೀರು ಕುಡಿಯುತ್ತಿದ್ದರು. ವಯಸ್ಸಾದವರಿಗೆ ದಾಹ ಹೆಚ್ಚು ಎಂದುಕೊಂಡೆ. ನನ್ನ ಯಜಮಾನರು ಪ್ರತಿ ತುತ್ತಿಗೂ ಮಜ್ಜಿಗೆ ಕೇಳುತ್ತಿದ್ದರು. ಮಜ್ಜಿಗೆ ಪ್ರಿಯರು ಎಂದುಕೊಂಡೆ. ಅತ್ತೆಯೇ ಹೆಸರಿಡದ ಅಡಿಗೆಗೆ ಹೆಸರಿಡುವ ಧೈರ್ಯ ಆ ಮನೆಯ ಗಂಡಸರಿಗೆ ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಇನ್ನು ನೈವೇದ್ಯದ ಮೊದಲು ನಾನು ರುಚಿ ನೋಡುವಂತಿಲ್ಲ. ನೋಡಿದರೂ ನನ್ನ ನಾಲಿಗೆಗೆ ನನ್ನ ಕೈಯ ರುಚಿಯೇ ರೂಢಿಯಾಗಿತ್ತು.

ಹೀಗೆ ಮೂರು ವರ್ಷ ಕಳೆದು ಏಕೀಕರಣ ಬಂತು. ಹಿಂದೆ ನಮ್ಮ ನೆಂಟರು ಒಂದೇ ಪಂಕ್ತಿಯಲ್ಲಿ ಕೂತರೆ ಮೂರು ಸರಕಾರ ಕೂತಂತಿತ್ತು ಎಂದು ಮಾವ ನಗುತ್ತಿದ್ದರು. ನಮ್ಮ ಲಕ್ಷ್ಮೇಶ್ವರ ನಾನು ಹುಟ್ಟಿದಾಗ ಒಬ್ಬ ರಾಜರದು, ಗದಗ ಮುಂಬಯಿಯದು, ಮುಂಡರಗಿಯಾಚೆ ಕೊಪ್ಪಳದ ಕಡೆಯ ಬೀಗರು ನಿಜಾಮನ ಸೀಮೆಯವರು. ಎಲ್ಲರೂ ಒಂದೇ ರಾಜ್ಯದವರಾದ ಸಂತೋಷಕ್ಕೆ ಮಾವ ಹೋಳಿಗೆ ಊಟ ಹಾಕಿಸಿದರು. ಮದುವೆಯಾದ ಮೇಲೆ ನನ್ನ ಅಪ್ಪ, ಅಣ್ಣ ಮೊದಲ ಸಲ ಆ ಮನೆಯ ಪಂಕ್ತಿಗೆ ಬರುವವರಿದ್ದರು. ನಾನು ಸೆರಗು ಸಿಕ್ಕಿಸಿ, "ಅತ್ತೀ, ಸಾರು ನಂದ. ಯಾರೂ ಕೈ ಹಾಕಬ್ಯಾಡ್ರಿ" ಎಂದೆ.

ದೊಡ್ಡ ಹಂಡೆಯ ತುಂಬ ಕಟ್ಟಿನ ಸಾರು ಕುದಿಯಿತು. ನೈವೇದ್ಯವಾಯಿತು. ಹೊರಗೆ ಎಲೆ ಹಾಕಿದರು. ಅತ್ತೆ ಪ್ರಸಾದವೆಂದು ಸೌಟಿನಿಂದ ತುಸು ಸಾರು ಅಂಗೈಗೆ ಹಾಕಿಕೊಂಡು ಕುಡಿದರು. ಕುಡಿದವರು ಹಾಗೇ ನಿಂತರು. ಒಮ್ಮೆ ಹಂಡೆ ನೋಡಿದರು, ಒಮ್ಮೆ ಹೊರಗೆ ಎಲೆಯ ಮುಂದೆ ಕೂತ ನನ್ನ ಅಪ್ಪನನ್ನು ನೋಡಿದರು, ಆಮೇಲೆ ಜಗಲಿಯ ಮೇಲಿನ ಗಿಂಡಿ ನೋಡಿದರು. ಕೊನೆಗೆ ಗಿಂಡಿಗೆ ಕೈ ಮುಗಿದು, ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದರು:

"ಅವಾ, ಸಾರು ಉಪ್ಪಾಗೇತಿ. ಬಾಯಾಗ ಇಡಾಕ ಬರಂಗಿಲ್ಲ."

ನಾನು ಕಣ್ಣು ಕಣ್ಣು ಬಿಟ್ಟೆ. "ಇವತ್ತೊಂದಿನ ಹೆಚ್ಚಾತೇನ್ರಿ?"

"ಮೂರು ವರ್ಷ ಆತು ತಂಗಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. "ನಾ ಕಾಶ್ಯಾಗ ಬಿಟ್ಟಿದ್ದು ಇದನ್ನ. ಮಂದಿ ಅಡಿಗಿಗೆ ಹೆಸರಿಡೂದನ್ನ. ಅದರಷ್ಟು ರುಚಿ ನನಗ ಯಾವ ಹಣ್ಣಿನಾಗೂ ಇದ್ದಿದ್ದಿಲ್ಲ. ಇವತ್ತ ಮುರದೆ."

ಅಳಲು ಪುರುಸೊತ್ತು ಎಲ್ಲಿತ್ತು? ಅತ್ತೆಯೇ ಸೆರಗು ಕಟ್ಟಿದರು. ಉಪ್ಪು ಹಾಕದೆ ಎತ್ತಿಟ್ಟಿದ್ದ ಬೇಳೆಕಟ್ಟು ಸುರಿದರು, ಹುಣಸೆಹಣ್ಣು ಕಿವುಚಿದರು, ಬೆಲ್ಲ ಹಾಕಿದರು, ಬಾಜೂ ಮನೆಯಿಂದ ಎರಡು ಕೊಡ ನೀರು ತರಿಸಿದರು. ನಮ್ಮ ಬಾವಿಯಿದೆಯಲ್ಲ ಎಂದರೆ, "ಅದ ಹುಚ್ಚಿ, ನಮ್ಮ ಬಾವಿ ನೀರು ಸವಳು. ಅದರಾಗ ಮೊದಲ ಉಪ್ಪು ಐತಿ. ನೀ ನಿಮ್ಮೂರ ಸಿಹಿನೀರಿನ ಅಳತಿಲೆ ಮುಷ್ಟಿ ತುಂಬ ಹಾಕತಿ" ಎಂದರು. ತವರಿನಲ್ಲಿ ಸರಿಯಾಗಿದ್ದ ಮುಷ್ಟಿಯೇ ಇಲ್ಲಿ ಮೂರು ವರ್ಷ ಮನೆಯವರ ಬಾಯಿ ಸುಟ್ಟಿತ್ತು.

ಪಂಕ್ತಿಯಲ್ಲಿ ಅಣ್ಣ ಮೂರು ಸಲ ಸಾರು ಹಾಕಿಸಿಕೊಂಡು, "ನಮ್ಮ ಮನ್ಯಾಗಿದ್ದಾಗ ಒಂದಿನಾನೂ ಇಂಥಾ ಸಾರು ಮಾಡಲಿಲ್ಲಲ್ಲೇ ನೀ!" ಎಂದ. ಅಪ್ಪ ಮೀಸೆ ತಿರುವಿದರು. ನಾನು ತಲೆ ತಗ್ಗಿಸಿ ಬಡಿಸಿದೆ.

ಉಳಿದದ್ದು ವ್ರತದ ಮಾತು. ಶ್ರಾವಣದಲ್ಲಿ ನಮ್ಮ ಓಣಿಯಲ್ಲಿ ಪುರಾಣ ಹೇಳುತ್ತಿದ್ದ ಶಾಸ್ತ್ರಿಗಳೂ ಊಟಕ್ಕೆ ಬಂದಿದ್ದರು. ನಾಲಿಗೆಗೆ ಉಣ್ಣುವುದು, ಆಡುವುದು ಎರಡು ಕೆಲಸ, ಜನ ಮಾತ್ರ ಮೊದಲನೆಯದರಲ್ಲೇ ತ್ಯಾಗ ಮಾಡುತ್ತಾರೆ ಎಂದು ಅವರು ಪುರಾಣದಲ್ಲಿ ಹೇಳಿದ್ದನ್ನು ಕೇಳಿಯೇ ಅತ್ತೆ ಆ ವ್ರತ ಹಿಡಿದದ್ದು. ಈಗ ಅವರ ಮುಂದೆ ನಿಂತು, "ವ್ರತ ಮುರದೆನ್ರಿ. ಪ್ರಾಯಶ್ಚಿತ್ತ ಏನ್ರಿ?" ಎಂದರು.

ಶಾಸ್ತ್ರಿಗಳು ಎಲೆ ಅಡಿಕೆ ಮಡಚುತ್ತ ಎಲ್ಲವನ್ನೂ ಕೇಳಿ, "ಮುರದಿದ್ದಕ್ಕ ಒಂದು ಏಕಾದಶಿ ಉಪವಾಸ ಮಾಡ್ರಿ, ಸಾಕು. ಆದ್ರ ತಾಯಿ, ಹೆಸರಿಡೂದು ಬಿಡೂ ಭರದಾಗ ಸೊಸಿಗೆ ಕಲಿಸೂದನ್ನೂ ಬಿಟ್ರೆಲ್ಲಾ, ಅದಕ್ಕೇನು ಮಾಡ್ತೀರಿ?" ಎಂದರು.

ಅತ್ತೆ ಹೊಟ್ಟೆ ಹಿಡಿದು ನಕ್ಕರು. ಏಕಾದಶಿ ನಾವಿಬ್ಬರೂ ಮಾಡಿದೆವು. ಅವರು ಬದುಕಿರುವ ತನಕ ದಿನಾ ಒಲೆಯ ಮುಂದೆ ನನ್ನ ಪಕ್ಕ ಕೂತರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ.

ಮೊನ್ನೆ ರಾತ್ರಿ ಆ ಹೊಸ ಗಿಂಡಿಯನ್ನು ಹಳೆಯದರ ಪಕ್ಕ ಇಟ್ಟು ಬಂದು ಊಟಕ್ಕೆ ಕೂತೆ. ಹುಡುಗಿ ಸಾರು ಬಡಿಸಿದಳು. ಎರಡು ವರ್ಷದಿಂದ ಉಣ್ಣುತ್ತಿರುವ ಅದೇ ಸಾರು: ಬೇಳೆ ಅರ್ಧ ಬೆಂದದ್ದು, ಒಗ್ಗರಣೆ ಸೀದದ್ದು. ಎಂದಿನಂತೆ ಸುಮ್ಮನೆ ಕಲಸಿಕೊಂಡೆ. ಕಲಸಿದ ಕೈ ಅಲ್ಲೇ ನಿಂತಿತು. ಕಾಶಿಗೆ ಹೋಗದೆಯೇ ನಾನು ಇದೇನು ಬಿಟ್ಟು ಕೂತಿದ್ದೇನೆ?

"ಏ ತಂಗಿ, ಬಾ ಇಲ್ಲಿ. ಬ್ಯಾಳಿ ಬೆಂದಿಲ್ಲ. ಒಗ್ಗರಣಿ ಹೊತ್ತೇತಿ."

ಮುನಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆಕೆ ಸೌಟು ಕೆಳಗಿಟ್ಟು, ಮಣೆ ಎಳೆದುಕೊಂಡು ನನ್ನ ಮಗ್ಗುಲಲ್ಲೇ ಕೂತಳು.

"ಅಜ್ಜಿ, ಈ ಮನಿಗೆ ಬಂದು ಎರಡು ವರ್ಷ ಆತು, ಇವತ್ತ ನೀವು ನನ್ನ ಜೋಡಿ ಖರೇ ಮಾತಾಡಿದ್ರಿ. ಮತ್ತೇನೇನೈತಿ, ಹೇಳ್ರಿ."

"ಭಾಳ ಐತಿ" ಎಂದೆ. "ಮೊದಲ ನೀನೂ ಒಂದು ತಾಟು ಹಾಕೋ."